ದೇವರು ಕೊಟ್ಟರೂ ಪೂಜಾರಿ ಕೊಡ: ಊರಿನ ಅನುದಾನಕ್ಕೆ ದಲ್ಲಾಳಿ ಬೇಕೆ?

2025ರ ಏಪ್ರಿಲ್ 24ರಂದು ವಿಧಾನಸೌಧವೇ ಮಾದಪ್ಪನ ಬೆಟ್ಟ ಹತ್ತಿ ಬಂತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಚಿವ ಸಂಪುಟದ ಸಭೆಯನ್ನು ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲೇ ನಡೆಸಿದರು. ಜಿಲ್ಲಾ ಕೇಂದ್ರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತೆ ಅಂತ ಮುಖ್ಯಮಂತ್ರಿಗಳೇ ಹೆದರುತ್ತಿದ್ದ ಜಿಲ್ಲೆ ನಮ್ಮದು. ಅಂಥ ಕಡೆ ಇಡೀ ಮಂತ್ರಿಮಂಡಲ ಬಂದು ಕೂತದ್ದು ಸಣ್ಣ ಮಾತಲ್ಲ.

ಆದರೆ ಅಂಥ ದಿನ ದಿನವೂ ಬರುವುದಿಲ್ಲ. ಉಳಿದ ದಿನಗಳಲ್ಲಿ ನಾವೇ ಬೆಂಗಳೂರಿನ ಬಸ್ಸು ಹತ್ತಬೇಕು. ಕೊಳ್ಳೇಗಾಲದಿಂದ ಸುಮಾರು 140 ಕಿಲೋಮೀಟರ್. ಹನೂರಿನವರಿಗೆ ಇನ್ನೂ ಅಷ್ಟು ದೂರ. ಕೈಯಲ್ಲಿ ಮನವಿ ಪತ್ರ, ಚೀಲದಲ್ಲಿ ಹಾರ, ಶಾಲು. ಅಲ್ಲಿ ಹೋದರೆ "ಸಾಹೇಬರು ಮೀಟಿಂಗಿನಲ್ಲಿದ್ದಾರೆ" ಅನ್ನೋ ಮಾತು. ಸಂಜೆ ಹೊತ್ತಿಗೆ ಒಂದು ಫೋಟೋ, ಒಂದು ಭರವಸೆ. "ನಿಯೋಗದಿಂದ ಮನವಿ ಸಲ್ಲಿಕೆ" ಅಂತ ಮಾರನೇ ದಿನ ಪತ್ರಿಕೆಯಲ್ಲಿ ನಾಲ್ಕು ಸಾಲು. ಚರಂಡಿ ಮಾತ್ರ ಎಲ್ಲಿತ್ತೋ ಅಲ್ಲೇ.

ಇದಕ್ಕಿಂತ ಕಾಸು ಕೊಟ್ಟು ಒಬ್ಬ ಬಲ್ಲವನನ್ನು ಬೆಂಗಳೂರಿನಲ್ಲೇ ಇಟ್ಟುಬಿಟ್ಟರೆ ಹೇಗೆ? ಅವನು ಫೈಲಿನ ಹಿಂದೆ ಓಡಾಡಲಿ, ಅನುದಾನ ತರಲಿ ಅಂತ ಅಂಗಡಿ ಕಟ್ಟೆಯ ಮೇಲೆ ಕೂತವರಿಗೆ ಅನ್ನಿಸಿದರೆ ಅದು ತಪ್ಪೇನಲ್ಲ. ಬೇರೆ ದೇಶದಲ್ಲಿ ಊರುಗಳೇ ಹೀಗೆ ಮಾಡುತ್ತವೆ. ನಮಗೆ ಅದು ಒಗ್ಗುತ್ತದೆಯೇ ಎಂಬುದೇ ಪ್ರಶ್ನೆ.

ಅಮೆರಿಕದ ಪದ್ಧತಿ

ಅಲ್ಲಿ ಇದಕ್ಕೆ ಲಾಬಿ ಅಂತಾರೆ. ಲಾಬಿ ಮಾಡುವುದೇ ಕಸುಬಾದ ಕಂಪನಿಗಳಿವೆ. ಊರಿನ ಪೌರಸಭೆ ತನ್ನ ಬೊಕ್ಕಸದಿಂದ ಸಂಬಳ ಕೊಟ್ಟು ಅಂಥ ಕಂಪನಿಯನ್ನು ಗೊತ್ತು ಮಾಡಿಕೊಳ್ಳುತ್ತದೆ. ಅವರು ರಾಜ್ಯದ ರಾಜಧಾನಿಯಲ್ಲಿ ಕೂತು ಶಾಸಕರನ್ನು, ಅಧಿಕಾರಿಗಳನ್ನು ಕಂಡು ಊರಿನ ಸೇತುವೆಗೋ ನೀರಿಗೋ ದುಡ್ಡು ಕೇಳುತ್ತಾರೆ. ಕ್ಯಾಲಿಫೋರ್ನಿಯಾದ ಜನ 1974ರಲ್ಲೇ ಮತ ಹಾಕಿ ಒಂದು ಕಾನೂನು ತಂದರು. ಲಾಬಿಗಾರ ಹೆಸರು ನೋಂದಾಯಿಸಬೇಕು. ಅವನಿಗೆ ಕೊಟ್ಟ ದುಡ್ಡೆಷ್ಟು ಅಂತ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಕೊಟ್ಟದ್ದು ಊರಿನ ಪೌರಸಭೆಯೇ ಆದರೂ ಬಿಡುವ ಹಾಗಿಲ್ಲ.

ನಮ್ಮ ವರ್ತಕರಿಗೆ ಈ ಲಾಬಿ ಅನ್ನೋ ಮಾತು ಹೊಸದಲ್ಲ. ಚಿಲ್ಲರೆ ವ್ಯಾಪಾರಕ್ಕೆ ವಿದೇಶಿ ಕಂಪನಿ ಬರುತ್ತೆ ಅಂತ 2012ರಲ್ಲಿ ದೇಶವೆಲ್ಲ ಗಲಾಟೆ ಆದಾಗ, ವಾಲ್‌ಮಾರ್ಟ್ ಕಂಪನಿ ಅಮೆರಿಕದಲ್ಲಿ ಕೊಟ್ಟ ಲೆಕ್ಕದಿಂದಲೇ ಒಂದು ಸುದ್ದಿ ಹೊರಬಿತ್ತು. 2008ರಿಂದ ಸುಮಾರು 2.5 ಕೋಟಿ ಡಾಲರ್ ಲಾಬಿಗೆ ಸುರಿದಿದ್ದರು. ಅವರು ಕೊಟ್ಟ ವಿಷಯಗಳ ಪಟ್ಟಿಯಲ್ಲಿ ಭಾರತದ ಮಾರುಕಟ್ಟೆಯೂ ಇತ್ತು. ಸಂಸತ್ತಿನಲ್ಲಿ ಗದ್ದಲವಾಗಿ, 2013ರಲ್ಲಿ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರನ್ನು ವಿಚಾರಣೆಗೆ ನೇಮಿಸಲಾಯಿತು. ಅಲ್ಲಿನ ಕಾನೂನು ಲೆಕ್ಕ ಕೇಳಿತು, ಅದಕ್ಕೇ ಇಲ್ಲಿ ನಮಗೆ ಗೊತ್ತಾಯ್ತು. ನಮ್ಮ ದೇಶದಲ್ಲಿ ಲಾಬಿಗಾರರ ನೋಂದಣಿಗೆ ಕಾನೂನೇ ಇಲ್ಲ. ಕಾನೂನಿಲ್ಲ ಅಂದ ಮಾತ್ರಕ್ಕೆ ಲಾಬಿ ಇಲ್ಲವೇ? ಅದೇ ಕೆಲಸ ಇಲ್ಲಿ ಬೇರೆ ಹೆಸರಲ್ಲಿ ನಡೆಯುತ್ತದೆ ಅನ್ನೋದು ಎಲ್ಲರಿಗೂ ಗೊತ್ತು.

ಸುಂಕದ ಕಟ್ಟೆ ಹೋದ ಮೇಲೆ

ಊರು ಯಾಕೆ ಕೈಚಾಚಬೇಕಾಯ್ತು ಅನ್ನೋದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಕೊಳ್ಳೇಗಾಲಕ್ಕಂತೂ ಅರ್ಜಿ ಹಿಡಿದು ಅಲೆಯುವುದು ಹಳೆಯ ಕಥೆ. 1956ರ ನವೆಂಬರ್ 1ರ ತನಕ ಈ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕಲೆಕ್ಟರ ಕಚೇರಿ ಕೊಯಮತ್ತೂರಿನಲ್ಲಿ, ಸರ್ಕಾರ ಮದರಾಸಿನಲ್ಲಿ. ಆಮೇಲೆ ಮೈಸೂರು ಜಿಲ್ಲೆ. 1997ರಿಂದ ಚಾಮರಾಜನಗರ ಜಿಲ್ಲೆ. ಮೂರು ಜಿಲ್ಲಾ ಕಚೇರಿಗಳ ಮೆಟ್ಟಿಲು ಸವೆಸಿದ ತಾಲ್ಲೂಕು ಇದು.

ಆಗೆಲ್ಲ ರಾಜ್ಯದ ಪುರಸಭೆಗಳಿಗೆ ಆಕ್ಟ್ರಾಯ್ ಅನ್ನೋ ಆದಾಯ ಇತ್ತು. ಊರ ಬಾಗಿಲಲ್ಲಿ ಸುಂಕದ ಕಟ್ಟೆ, ಗಾಡಿ ಬಂದರೆ ದುಡ್ಡು. ವರ್ತಕರಿಗೆ ಅದು ಕಾಟವೇ ಸರಿ. ಬೇಡ ಅಂತ ಹೋರಾಡಿದವರೂ ಅವರೇ. 1979ರಲ್ಲಿ ರಾಜ್ಯ ಸರ್ಕಾರ ಆಕ್ಟ್ರಾಯ್ ತೆಗೆದುಹಾಕಿತು. ಅದೇ ವರ್ಷ ಪ್ರವೇಶ ತೆರಿಗೆ ಬಂತು, ಆ ದುಡ್ಡು ರಾಜ್ಯದ ಬೊಕ್ಕಸಕ್ಕೆ ಹೋಯಿತು. ಪುರಸಭೆಗೆ ಅದರ ಬದಲಿಗೆ ಪರಿಹಾರ. ಪ್ರವೇಶ ತೆರಿಗೆಯೂ 2017ರಲ್ಲಿ ಜಿಎಸ್‌ಟಿಯೊಳಗೆ ಕರಗಿತು. ಅಂದರೆ ಏನಾಯ್ತು? ತನ್ನ ಗಲ್ಲಾಪೆಟ್ಟಿಗೆಯಲ್ಲೇ ಎಣಿಸಿಕೊಳ್ಳುತ್ತಿದ್ದ ಊರು ಬೇರೆಯವರ ಅಂಗಡಿ ಮುಂದೆ ನಿಂತು ಕಾಯುವ ಹಾಗಾಯ್ತು.

ದುಡ್ಡು ಬರುವ ಮೂರು ದಾರಿ

ಮೊದಲನೆಯದು ಪಾಲಿನ ದುಡ್ಡು. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಯಾದ ಮೇಲೆ ಪ್ರತಿ ರಾಜ್ಯವೂ ಹಣಕಾಸು ಆಯೋಗ ಮಾಡಿ ಊರುಗಳಿಗೆ ಇಷ್ಟು ಪಾಲು ಅಂತ ಹೇಳಲೇಬೇಕು. ನಮ್ಮ ರಾಜ್ಯದಲ್ಲಿ ಎ.ಜಿ. ಕೊಡ್ಗಿ, ಸಿ.ಜಿ. ಚಿನ್ನಸ್ವಾಮಿ ಮೊದಲಾದವರ ಆಯೋಗಗಳು ವರದಿ ಕೊಟ್ಟವು. 2023ರಲ್ಲಿ ಸಿ. ನಾರಾಯಣಸ್ವಾಮಿಯವರ ಅಧ್ಯಕ್ಷತೆಯಲ್ಲಿ ಐದನೆಯದು ರಚನೆಯಾಯಿತು. ಈ ದುಡ್ಡು ಲೆಕ್ಕದ ಪ್ರಕಾರ ಹಂಚಿಕೆಯಾಗುವಂಥದ್ದು. ಇದಕ್ಕೆ ದಲ್ಲಾಳಿ ಬೇಕಿಲ್ಲ.

ಎರಡನೆಯದು ಯೋಜನೆಯ ದುಡ್ಡು. ನಗರೋತ್ಥಾನ, ಅಮೃತ್ ಮುಂತಾದವು. 2015ರಲ್ಲಿ ಶುರುವಾದ ಮೊದಲನೇ ಅಮೃತ್ ಯೋಜನೆ ಲಕ್ಷ ಜನಸಂಖ್ಯೆ ಮೀರಿದ ಊರುಗಳಿಗೆ. 2011ರ ಜನಗಣತಿಯಲ್ಲಿ ಕೊಳ್ಳೇಗಾಲದ ಜನ 57 ಸಾವಿರದ ಆಸುಪಾಸು. ಹನೂರು, ಯಳಂದೂರು ಇನ್ನೂ ಚಿಕ್ಕವು. ಎಂಥ ಲಾಬಿಗಾರ ಬಂದಿದ್ದರೂ ಆ ಬಾಗಿಲು ತೆರೆಯುತ್ತಿರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಬಂದ ಎರಡನೇ ಅಮೃತ್ ನೀರಿನ ಕೆಲಸಕ್ಕೆ ಎಲ್ಲ ಪಟ್ಟಣಗಳನ್ನೂ ಸೇರಿಸಿತು. ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿಗೆ ಅರ್ಧ ದುಡ್ಡು ಕೇಂದ್ರದ್ದು. ಉಳಿದದ್ದನ್ನು ರಾಜ್ಯ ಮತ್ತು ಊರು ಹೊಂದಿಸಬೇಕು. ಇಲ್ಲಿ ಬೇಕಾದದ್ದು ನೆಟ್ಟಗಿನ ಯೋಜನಾ ವರದಿ. ಟ್ಯಾಂಕು ಕಟ್ಟಲು ಜಾಗ ಎಲ್ಲಿ, ಪೈಪು ಎಷ್ಟು ದೂರ, ಊರಿನ ಪಾಲಿನ ದುಡ್ಡು ಎಲ್ಲಿಂದ? ಈ ಮೂರಕ್ಕೆ ಉತ್ತರವಿಲ್ಲದ ಫೈಲು ಯಾರು ತಳ್ಳಿದರೂ ಮುಂದಕ್ಕೆ ಹೋಗದು.

ಮೂರನೆಯದು ವಿಶೇಷ ಅನುದಾನ. ಮಂತ್ರಿಗಳ ಮನಸ್ಸಿನಲ್ಲಿರುವುದು. ಇದಕ್ಕೆ ಲೆಕ್ಕವಿಲ್ಲ, ಸೂತ್ರವಿಲ್ಲ. ದಲ್ಲಾಳಿಗಳ ಸುಗ್ಗಿ ಇರುವುದೇ ಇಲ್ಲಿ. "ಕೋಟಿ ತರಿಸ್ತೀನಿ, ನನಗಿಷ್ಟು ಪರ್ಸೆಂಟು" ಅನ್ನೋ ಮಾತು ಹುಟ್ಟುವುದೂ ಇಲ್ಲಿಯೇ. ಆ ಪರ್ಸೆಂಟು ಎಲ್ಲಿಂದ ಹುಟ್ಟುತ್ತೆ ಸ್ವಾಮಿ? ರಸ್ತೆಯ ಜಲ್ಲಿಯಲ್ಲಿ, ಚರಂಡಿಯ ಸಿಮೆಂಟಿನಲ್ಲಿ. ಮುಂದಿನ ಮಳೆಗೆ ಡಾಂಬರು ಕಿತ್ತುಹೋದಾಗ ಬಸ್ಸಿನೊಳಗೆ ಕೂತು ಕುಲುಕುವವರು ನಾವು.

ಯಳಂದೂರಿನ ಪಾಠ, ಹನೂರಿನ ಪಾಠ

ಪ್ರಭುತ್ವದ ಹತ್ತಿರ ತಮ್ಮವರಿದ್ದರೆ ಊರಿನ ಗತ್ತೇ ಬೇರೆ ಅನ್ನೋದಕ್ಕೆ ಯಳಂದೂರಿಗಿಂತ ಉದಾಹರಣೆ ಬೇಡ. 1807ರಲ್ಲಿ ಈ ಊರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ದಿವಾನರೇ ಊರಿಗೆ ಒಡೆಯರು. ಈಗ ಜಹಗೀರು ಇಲ್ಲ, ಓಟು ಇದೆ. 2004ರ ಚುನಾವಣೆಯಲ್ಲಿ ಇಲ್ಲಿನ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರ ವಿರುದ್ಧ ಗೆದ್ದದ್ದು ಒಂದೇ ಒಂದು ಓಟಿನಿಂದ. 2008ರಲ್ಲಿ ಆ ಕ್ಷೇತ್ರವೇ ಹೋಗಿ ಯಳಂದೂರು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿತು. ಸೋತಿದ್ದ ಕೃಷ್ಣಮೂರ್ತಿಯವರು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. ಊರಿನ ಪರವಾಗಿ ಬೆಂಗಳೂರಿನಲ್ಲಿ ನಿಲ್ಲುವವನನ್ನು ನಾವು ಆಗಲೇ ನೇಮಿಸಿದ್ದೇವೆ, ಸಂಬಳವನ್ನೂ ಕೊಡುತ್ತಿದ್ದೇವೆ ಅನ್ನೋದನ್ನು ಮರೆಯಬಾರದು. ಅದು ಯಾವ ಪಕ್ಷದ ಶಾಸಕರಾದರೂ ಸರಿಯೇ.

ಹನೂರಿನದು ಇನ್ನೊಂದು ಪಾಠ. 2013ರ ಬಜೆಟ್‌ನಲ್ಲಿ 43 ಹೊಸ ತಾಲ್ಲೂಕುಗಳ ಘೋಷಣೆಯಾಯಿತು. ಹನೂರಿನವರು ಪಟಾಕಿ ಹೊಡೆದುಕೊಳ್ಳಬಹುದಿತ್ತು. ಆದರೆ ಸರ್ಕಾರ ಬದಲಾಯ್ತು, ಮತ್ತೆ 2017ರ ಬಜೆಟ್‌ನಲ್ಲಿ ಹೊಸದಾಗಿ ಘೋಷಣೆ ಆಗಬೇಕಾಯ್ತು. ತಾಲ್ಲೂಕು ಶುರುವಾದದ್ದು 2018ರಲ್ಲಿ. ಘೋಷಣೆ ಬೇರೆ, ಆದೇಶ ಬೇರೆ, ದುಡ್ಡು ಬಿಡುಗಡೆ ಬೇರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಮಂತ್ರಿ ಹೂಂ ಅಂದ ಮೇಲೆ ಗುಮಾಸ್ತರ ಮೇಜಿನ ತನಕ ಬೆನ್ನು ಬೀಳುವವರು ಬೇಕು.

ಬೆನ್ನು ಬೀಳಲು ಜನ ಇರಬೇಕಷ್ಟೆ. 2018ರಲ್ಲಿ ಗೆದ್ದ ರಾಜ್ಯದ ನಗರಸಭೆ, ಪುರಸಭೆಗಳ ಸದಸ್ಯರು ಅಧ್ಯಕ್ಷರ ಮೀಸಲಾತಿ ತಗಾದೆ ಕೋರ್ಟಿನಲ್ಲಿದ್ದುದರಿಂದ 2020ರ ತನಕ ಸುಮ್ಮನೆ ಕೂತರು. ಗೆದ್ದರೂ ಅಧಿಕಾರವಿಲ್ಲ. ಮನೆಗೆ ಯಜಮಾನನೇ ಇಲ್ಲದ ಮೇಲೆ ಊರಿನ ಪರ ಸಹಿ ಹಾಕಿ ಕೇಳುವವರು ಯಾರು?

ಅಲ್ಲಿ ಒಂದು ನ್ಯಾಯ, ಇಲ್ಲಿ ಒಂದು ನ್ಯಾಯ?

ತಮಾಷೆ ನೋಡಿ. ರಾಜ್ಯ ಸರ್ಕಾರಕ್ಕೂ ಇದೇ ಕಷ್ಟ ಇದೆ. ದೆಹಲಿಯಲ್ಲಿ ರಾಜ್ಯದ ಕೆಲಸ ನೋಡಿಕೊಳ್ಳಲೆಂದೇ ವಿಶೇಷ ಪ್ರತಿನಿಧಿ ಇರುತ್ತಾರೆ. 2023ರಲ್ಲಿ ಟಿ.ಬಿ. ಜಯಚಂದ್ರ ಅವರನ್ನು ಸಂಪುಟ ದರ್ಜೆ ಕೊಟ್ಟು ನೇಮಿಸಲಾಯಿತು. ಕೇಂದ್ರದ ತೆರಿಗೆಯಲ್ಲಿ ರಾಜ್ಯದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇಕಡಾ 4.713 ಇದ್ದದ್ದು 15ನೆಯದರಲ್ಲಿ 3.647ಕ್ಕೆ ಇಳಿಯಿತು. ಅದಕ್ಕೇ 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ, ಮಂತ್ರಿಗಳೆಲ್ಲ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ನಮ್ಮ ತೆರಿಗೆ, ನಮ್ಮ ಹಕ್ಕು ಅಂತ ಕೂಗಿದರು.

ಸರಿಯಾದ ಮಾತೇ. ಆದರೆ ಅದೇ ಮಾತನ್ನು ಕೊಳ್ಳೇಗಾಲ ಬೆಂಗಳೂರಿಗೆ ಹೇಳಬಾರದೇ? ರೇಷ್ಮೆ ಸೀರೆಯ ಅಂಗಡಿ, ಕಿರಾಣಿ, ಹೋಟೆಲು ಎಲ್ಲವೂ ಜಿಎಸ್‌ಟಿ ಕಟ್ಟುತ್ತವೆ. ಬೆಟ್ಟಕ್ಕೆ ಹೋಗುವ ಭಕ್ತರ ಬಸ್ಸುಗಳು ಈ ಊರುಗಳನ್ನು ಹಾದೇ ಹೋಗುತ್ತವೆ. ಅವರಿಗೆ ಬೇಕಾದ ನೀರು, ಶೌಚಾಲಯ, ಕಸ ಎತ್ತುವ ಗಾಡಿ ಇವೆಲ್ಲದರ ಹೊರೆ ಊರಿನದು. ರಾಜ್ಯ ದೆಹಲಿಯಲ್ಲಿ ಹಕ್ಕು ಅನ್ನುವುದನ್ನು ಊರು ಬೆಂಗಳೂರಿನಲ್ಲಿ ಕೃಪೆ ಅಂತ ಯಾಕೆ ಬೇಡಬೇಕು?

ಹಾಗಾದರೆ ಏನು ಮಾಡಬೇಕು?

ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ, ನಿಜ. ಆದರೆ ಬಾಯಿಯನ್ನು ಬಾಡಿಗೆಗೆ ತರುವ ಮೊದಲು ಮೂರು ಕೆಲಸ ನಮ್ಮ ಕೈಯಲ್ಲೇ ಇವೆ.

ಒಂದು, ಅಂಕಿ ಅಂಶ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚ್ಯಂಕ ಹಿಡಿದು 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದವು ಅಂತ ಹೇಳಿತು. ಹಾರ ಶಾಲು ನೋಡಿ ಹೇಳಿದ್ದಲ್ಲ, ಅಂಕಿ ನೋಡಿ ಹೇಳಿದ್ದು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿಯಾಯಿತು. ಇಂಥ ಸಮಿತಿಗಳ ಮುಂದೆ ಮೂರೂ ಊರಿನ ಲೆಕ್ಕ ಇಟ್ಟವರೆಷ್ಟು ಮಂದಿ? ವರ್ತಕರ ಸಂಘಗಳು ಎದೆ ಮುಟ್ಟಿಕೊಂಡು ಹೇಳಲಿ.

ಎರಡು, ಕಂದಾಯ. ಇದು ಕೆಲವರಿಗೆ ಕಹಿ. ಕೇಂದ್ರದ 15ನೇ ಹಣಕಾಸು ಆಯೋಗ ಊರುಗಳ ಅನುದಾನಕ್ಕೆ ಷರತ್ತು ಹಾಕಿತು. ಲೆಕ್ಕಪತ್ರ ಆಡಿಟ್ ಮಾಡಿಸಿ ಜನರ ಮುಂದಿಡಬೇಕು. ಆಸ್ತಿ ತೆರಿಗೆಯ ವಸೂಲಿ ರಾಜ್ಯದ ವರಮಾನ ಬೆಳೆದ ಹಾಗೆ ಬೆಳೆಯಬೇಕು. ಅಂದರೆ ಮಳಿಗೆಯ ಕಂದಾಯ ಬಾಕಿ ಇಟ್ಟುಕೊಂಡವನು ಕಳೆಯುವುದು ಬರೀ ಆ ದುಡ್ಡನ್ನಲ್ಲ, ಅದರ ಬೆನ್ನಿಗೆ ಬರಬೇಕಾದ ಅನುದಾನವನ್ನೂ. ಬೆಂಗಳೂರಿನ ಯಾವ ಲಾಬಿಗಾರನೂ ಈ ತೂತು ಮುಚ್ಚಲಾರ.

ಮೂರು, ಒಗ್ಗಟ್ಟು. ಕೊಳ್ಳೇಗಾಲ ನಗರಸಭೆ, ಹನೂರು, ಯಳಂದೂರು ಪಟ್ಟಣ ಪಂಚಾಯಿತಿ ಬೇರೆ ಬೇರೆ ಶಾಲು ಹಿಡಿದು ಹೋಗುವ ಬದಲು ಒಂದೇ ಪಟ್ಟಿ ಹಿಡಿದು ಹೋಗಲಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ. ಮೂರೂ ಊರು ಸೇರಿ ಫೈಲಿನ ಹಿಂದೆ ಓಡಾಡಲೆಂದೇ ಒಬ್ಬ ತಿಳಿದ ನೌಕರನನ್ನು ಇಡಲಿ.

ಇಷ್ಟಾದ ಮೇಲೂ ಹೊರಗಿನವರು ಬೇಕು ಅನ್ನಿಸಿದರೆ ಬೇಡ ಅನ್ನುವವರು ಯಾರು? ವರದಿ ಬರೆಯಲು ಬಲ್ಲವರನ್ನು ಕರೆಯಲಿ. ಆದರೆ ಸಭೆಯಲ್ಲಿ ಠರಾವಾಗಲಿ, ಟೆಂಡರ್ ಕರೆಯಲಿ. ಪಾರದರ್ಶಕತೆ ಕಾಯ್ದೆ 1999ರಿಂದಲೂ ಇದೆ. ಕೂಲಿ ಗೊತ್ತು ಮಾಡಿಯೇ ಕೊಡಲಿ, ಪರ್ಸೆಂಟಿನ ಮಾತು ಬೇಡ. ಯಾರಿಗೆ ಎಷ್ಟು ಕೊಟ್ಟಿರಿ, ಅವರು ಯಾರನ್ನು ಕಂಡರು, ಏನು ತಂದರು ಅಂತ ನಗರಸಭೆಯ ಬೋರ್ಡಿನ ಮೇಲೆ ಬರೆದು ಹಾಕಲಿ. ಬೋರ್ಡಿನ ಮೇಲೆ ಬರೆಯಲು ಹೆದರುವ ಖರ್ಚು ಊರಿನ ಖರ್ಚಲ್ಲ.

ಪುರಪಿತೃಗಳು ಇತ್ತ ಕಿವಿಗೊಡಲಿ. ಅದಕ್ಕೂ ಮೊದಲು ಅಂಗಡಿಯವರು ಒಂದು ಸಲ ಗಲ್ಲಾಪೆಟ್ಟಿಗೆ ತೆಗೆದು ನೋಡಲಿ. ಈ ವರ್ಷದ ಕಂದಾಯದ ರಸೀದಿ ಅದರಲ್ಲಿದ್ದರೆ ನಗರಸಭೆ ಮೆಟ್ಟಿಲ ಮೇಲೆ ನಿಂತು ಜೋರಾಗಿ ಕೇಳುವ ಹಕ್ಕು ಅವರಿಗಿದೆ. ಆ ದನಿಗೆ ಯಾವ ಕಂಪನಿಯ ಬಾಡಿಗೆಯೂ ಬೇಕಿಲ್ಲ.