ಕೋವಿ ಹಲವು, ಗುರಿ ಒಂದು

ಶಸ್ತ್ರಾಸ್ತ್ರ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಗಿ, ಸಾಮಾನ್ಯ ನಾಗರಿಕನೊಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕಿಳಿಯಿತು. ಕುಣಿಗಲ್ ಸೀಮೆಯಲ್ಲಿ ಬೆಳೆಯ ಕಾವಲಿಗೆಂದು ಪರವಾನಗಿ ಪಡೆದಿದ್ದ ನನ್ನ ಬಂಧುವೊಬ್ಬರಿಗೆ ಇದರಿಂದಾದ ಸಂಕಟ ಸಣ್ಣದಲ್ಲ. ತಾತನ ಕಾಲದ ಕೋವಿಯನ್ನು ಒಪ್ಪಿಸುವುದೆಂತು? ಆ ನೋವನ್ನು ನಾನು ಅಲ್ಲಗಳೆಯಲಾರೆ. ಆದರೆ ಗುರಿಗಾರಿಕೆಯ ದೃಷ್ಟಿಯಿಂದ ಇದು ನಷ್ಟವಲ್ಲ.

ಗುರಿಯೆಂಬುದು ಕೇವಲ ಕಣ್ಣಿನ ಕೆಲಸವಲ್ಲ, ಮೈಯ ರೂಢಿ. ಒಂದೊಂದು ಕೋವಿಯ ತೂಕ, ಹೆಗಲಿಗೊರಗುವ ಮರದ ಬುಡದ ಉದ್ದ, ಟ್ರಿಗರಿನ ಬಿಗಿ ಬೇರೆ ಬೇರೆ. ಒಂದರ ಬಿಗಿಗೆ ಪಳಗಿದ ಬೆರಳು ಮತ್ತೊಂದನ್ನು ಎಳೆಯುವಾಗ ಅಂದಾಜು ತಪ್ಪುತ್ತದೆ, ನಳಿಗೆ ವಾಲುತ್ತದೆ. ಮೀಟರ್ ಉದ್ದದ ಕೋವಿಯ ತುದಿ 1 ಮಿಲಿಮೀಟರ್ ವಾಲಿದರೆ, 50 ಮೀಟರ್ ದೂರದಲ್ಲಿ ಗುಂಡು 5 ಸೆಂಟಿಮೀಟರ್ ಆಚೆ ಬೀಳುತ್ತದೆ. ಪರವಾನಗಿಯಲ್ಲಿ ತೋಟಾಗಳಿಗೂ ಮಿತಿಯುಂಟಷ್ಟೆ. ಇರುವಷ್ಟನ್ನು ಮೂರು ಕೋವಿಗಳಿಗೆ ಹಂಚಿದರೆ ಯಾವುದರಲ್ಲಿಯೂ ಕೈ ಪಳಗದು. ಅರ್ಜುನನಲ್ಲಿ ಅಸ್ತ್ರಗಳು ಹಲವಿದ್ದರೂ ಗಾಂಡೀವ ಒಂದೇ ತಾನೆ!

ಹಾಗಾದರೆ ಉಳಿಸಿಕೊಳ್ಳಬೇಕಾದದ್ದು ಯಾವುದು? ಬೆಲೆಬಾಳುವುದನ್ನಲ್ಲ. ತೋಟಾ ಇಲ್ಲವೆಂದು ಎರಡು ಬಾರಿ ನೋಡಿಕೊಂಡು, ಯಾರೂ ಇಲ್ಲದ ದಿಕ್ಕಿಗೆ ತಿರುಗಿ, ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೇರಿಸಿರಿ. ಕಣ್ಣು ತೆರೆದಾಗ ನಳಿಗೆ ತಾನಾಗಿಯೇ ನೋಟದ ನೇರಕ್ಕೆ ಬಂದಿದ್ದರೆ, ಅದೇ ನಿಮ್ಮ ಕೋವಿ.