ಗಾತ್ರ ಬದಲಾದಾಗ ವಿನ್ಯಾಸ ಕೆಡುವುದೇಕೆ?

ಮೊಬೈಲ್ ಫೋನಿನ ತೆರೆಯೊಂದನ್ನು ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ರಚಿಸಿದ್ದೀರಿ ಎಂದಿಟ್ಟುಕೊಳ್ಳಿ. ತೆರೆಯ ಚೌಕಟ್ಟು, ಅಂದರೆ ಫ್ರೇಮ್, 360 ಪಿಕ್ಸೆಲ್ ಅಗಲವಿದೆ. ಅದರೊಳಗೆ 328 ಪಿಕ್ಸೆಲ್ ಅಗಲದ ಒಂದು ಬಟನ್. ಎಡಬಲಗಳಲ್ಲಿ ತಲಾ 16 ಪಿಕ್ಸೆಲ್ ಖಾಲಿ ಜಾಗ. ದೊಡ್ಡ ಫೋನಿಗೆಂದು ಫ್ರೇಮನ್ನು 412ಕ್ಕೆ ಎಳೆದರೆ ಬಟನ್ ಇದ್ದಲ್ಲೇ ಉಳಿಯುತ್ತದೆ. ಎಡಕ್ಕೆ 16, ಬಲಕ್ಕೆ 68! ಹಲವರು ಆಗ ಬಟನ್ನನ್ನು ಕೈಯಿಂದ ಎಳೆದು ಸರಿಪಡಿಸುತ್ತಾರೆ. ಮುಂದಿನ ಸಲ ಗಾತ್ರ ಬದಲಾದಾಗ ಅದೇ ಕೆಲಸ ಮತ್ತೆ.

ಇದೇಕೆ ಹೀಗೆ? 'ಬಟನ್ ಮಧ್ಯದಲ್ಲಿದೆ' ಎಂದು ನಮಗೆ ಕಾಣುವುದು ತಂತ್ರಾಂಶದ ಲೆಕ್ಕದಲ್ಲಿ ಬರೀ ಎರಡು ಸಂಖ್ಯೆಗಳು: ಎಡ ಅಂಚಿನಿಂದ 16, ಅಗಲ 328. ಬಲ ಅಂಚಿನೊಡನೆ ಬಟನ್ನಿಗೆ ಏನು ಸಂಬಂಧ ಎಂಬುದನ್ನು ನಾವೇ ತಿಳಿಸಬೇಕು.

ಈ ವಿಚಾರ ಹಳೆಯದು. 1963ರಲ್ಲಿ ಐವಾನ್ ಸದರ್‌ಲ್ಯಾಂಡ್ ಅಮೆರಿಕದ ಎಂಐಟಿಯಲ್ಲಿ ರೂಪಿಸಿದ 'ಸ್ಕೆಚ್‌ಪ್ಯಾಡ್'ನಲ್ಲಿಯೇ, ಎರಡು ಗೆರೆಗಳು ಸಮಾಂತರವಾಗಿರಲಿ ಎಂಬಂಥ ಷರತ್ತುಗಳನ್ನು ವಿಧಿಸಬಹುದಿತ್ತು. ಇವುಗಳಿಗೆ ಕನ್‌ಸ್ಟ್ರೇಂಟ್ ಎಂದು ಹೆಸರು. ನಾವು ಏನನ್ನೂ ಆರಿಸದಿದ್ದರೆ ಫಿಗ್ಮಾ ವಸ್ತುವನ್ನು ಎಡ ಮತ್ತು ಮೇಲಂಚುಗಳಿಗೆ ಕಟ್ಟಿಹಾಕುತ್ತದೆ. 'ಎಡ ಮತ್ತು ಬಲ' ಎಂದು ಆರಿಸಿದರೆ ಎರಡೂ ಕಡೆಯ 16 ಹಾಗೆಯೇ ಉಳಿದು ಬಟನ್ 412 – 32 = 380 ಆಗುತ್ತದೆ. 'ಮಧ್ಯ' ಎಂದರೆ ಬಟನ್ 328ರಲ್ಲೇ ನಿಂತು ಎರಡು ಕಡೆಗೂ 42 ಉಳಿಯುತ್ತದೆ. 'ಸ್ಕೇಲ್' ಎಂದರೆ ಎಲ್ಲವೂ 412/360 ಅನುಪಾತದಲ್ಲಿ ಹಿಗ್ಗಿ ಅಂಚು 18.3, ಬಟನ್ 375.4 ಆಗುತ್ತವೆ. ಬಟನ್‌ಗಳಿಗೆ ಈ ಭಿನ್ನರಾಶಿಯ ಅಳತೆ ಹೊಂದುವುದಿಲ್ಲ. (ಇದೇ ಹೆಸರಿನ ಸ್ಕೇಲ್ ಸಾಧನ ಬೇರೆ. ಅದು ಅಕ್ಷರದ ಗಾತ್ರ, ಗೆರೆಯ ದಪ್ಪಗಳನ್ನೂ ಹಿಗ್ಗಿಸುತ್ತದೆ. ಸಾಮಾನ್ಯ ಎಳೆತ ಅವನ್ನು ಮುಟ್ಟುವುದಿಲ್ಲ.)

ಆದರೆ ಫ್ರೇಮ್ ಮಾತ್ರವಲ್ಲ, ಒಳಗಿನ ಬರಹವೂ ಬೆಳೆಯುತ್ತದೆ. 'ಲಾಗಿನ್' ಎಂಬ ಪದಕ್ಕೆ ಅಳೆದು ಮಾಡಿದ ಬಟನ್ನಿನಲ್ಲಿ 'ಖಾತೆಗೆ ಪ್ರವೇಶಿಸಿ' ಹಿಡಿಯುವುದೆಂತು? ಕನ್ನಡಕ್ಕೆ ಎತ್ತರದ ತೊಡಕೂ ಇದೆ. 'ರಾಷ್ಟ್ರ' ಎಂಬ ಪದದಲ್ಲಿ ಷಕಾರದೊಡನೆ ಎರಡು ಒತ್ತಕ್ಷರಗಳಿವೆ. ಇಂಗ್ಲಿಷ್ ಅಕ್ಷರಗಳಿಗೆ ತಕ್ಕಂತೆ ಎತ್ತರವನ್ನು ನಿಗದಿಮಾಡಿದ ಪೆಟ್ಟಿಗೆಯಲ್ಲಿ ಒತ್ತುಗಳು ಕತ್ತರಿಸಿಹೋಗಬಹುದು, ಇಲ್ಲವೇ ಕೆಳಗಿನ ಸಾಲಿಗೆ ತಾಗಬಹುದು. ದೃಷ್ಟಿ ಮಂದವಾದವರು ಫೋನಿನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡರೂ ಇದೇ ಪಾಡು. ಹಣ ಕಳುಹಿಸುವ ಬಟನ್ನೇ ತೆರೆಯಿಂದಾಚೆ ಹೋದರೆ ಅವರು ಮಾಡುವುದೇನು? ಜಾಲತಾಣಗಳ ಸುಲಭಬಳಕೆಗಾಗಿ 2008ರಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿಯು, ಬರಹವನ್ನು ಶೇಕಡ 200ರವರೆಗೆ ಹಿಗ್ಗಿಸಿದರೂ ಮಾಹಿತಿಯಾಗಲೀ ಬಳಕೆಯಾಗಲೀ ನಷ್ಟವಾಗಬಾರದು ಎನ್ನುತ್ತದೆ.

2019ರಲ್ಲಿ ಫಿಗ್ಮಾಕ್ಕೆ ಸೇರಿದ 'ಆಟೋ ಲೇಔಟ್' ಇದಕ್ಕೆ ಒದಗುತ್ತದೆ. ಇಲ್ಲಿ ಸ್ಥಾನದ ಬದಲು ವಸ್ತುಗಳ ನಡುವಣ ಅಂತರ ಮತ್ತು ಒಳ ಅಂಚುಗಳನ್ನು ಹೇಳುತ್ತೇವೆ. ಅಳತೆಗೆ ಮೂರು ಆಯ್ಕೆಗಳು: 'ಫಿಕ್ಸೆಡ್' ಎಂದರೆ ನಿಗದಿತ ಅಳತೆ, 'ಹಗ್' ಎಂದರೆ ಒಳಗಿರುವುದನ್ನು ಅಪ್ಪಿಕೊಳ್ಳುವಷ್ಟು, 'ಫಿಲ್' ಎಂದರೆ ಹೊರ ಚೌಕಟ್ಟಿನಲ್ಲಿ ಉಳಿದ ಜಾಗದಷ್ಟು. ಬಟನ್ನಿನ ಎತ್ತರಕ್ಕೆ ಹಗ್, ಅಗಲಕ್ಕೆ ಫಿಲ್ ಕೊಟ್ಟು, ಬರಹದ ಅಗಲಕ್ಕೂ ಫಿಲ್ ಕೊಟ್ಟರೆ, ಬರಹ ಎರಡು ಸಾಲಾದಾಗ ಬಟನ್ ತಾನೇ ಎತ್ತರವಾಗಿ ಕೆಳಗಿನ ವಸ್ತುಗಳನ್ನು ತಳ್ಳುತ್ತದೆ.

ವಿದ್ಯಾರ್ಥಿಗಳು ಹೆಚ್ಚಾಗಿ ತಡವರಿಸುವುದು ಇಲ್ಲಿ: ಹೊರ ಚೌಕಟ್ಟಿಗೆ ಹಗ್, ಒಳಗಿನದಕ್ಕೂ ಅದೇ ದಿಕ್ಕಿನಲ್ಲಿ ಫಿಲ್. 'ನೀನೆಷ್ಟು ಅಗಲ?' ಎಂದು ಹೊರಗಿನದು ಒಳಗಿನದನ್ನು ಕೇಳಿದರೆ, 'ನೀನೆಷ್ಟೋ ಅಷ್ಟು' ಎಂಬ ಉತ್ತರ! ಒಂದೇ ಸಮೀಕರಣದಲ್ಲಿ ಎರಡು ಅವ್ಯಕ್ತಗಳಿದ್ದಂತೆ. ಆಗ ಫಿಗ್ಮಾ ಸಾಮಾನ್ಯವಾಗಿ ಎರಡರಲ್ಲೊಂದನ್ನು ಫಿಕ್ಸೆಡ್‌ಗೆ ಬದಲಿಸಿಬಿಡುತ್ತದೆ. ನೀವು ಕೊಟ್ಟ ಆಯ್ಕೆ ತಾನಾಗಿ ಬದಲಾದಂತೆ ಕಂಡರೆ ಮೊದಲು ಹುಡುಕಬೇಕಾದದ್ದು ಈ ಸುತ್ತನ್ನೇ. ಹೊರಗಿನಿಂದ ಒಳಕ್ಕೆ ಒಂದೊಂದೇ ಪದರವನ್ನು ಆರಿಸಿ, ಅದರ ಅಗಲ ಯಾರಿಂದ ನಿರ್ಧಾರವಾಗುತ್ತದೆ ಎಂದು ನೋಡುತ್ತ ಹೋದರೆ ಸುತ್ತು ಎಲ್ಲಿದೆಯೆಂದು ಬೇಗನೆ ಸಿಕ್ಕುತ್ತದೆ.