ಎದೆಯೊಳಗಿನ ಎಳೆ

ನಾಯಿಗೆ ವೀರಗಲ್ಲು ನೆಟ್ಟ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲನ್ನು ಹಳಗನ್ನಡ ಓದಿದವರೆಲ್ಲ ಬಲ್ಲರು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಒಡೆಯನು ಮೆಚ್ಚಿ ‘ಬೇಡು’ ಎಂದಾಗ ಅವನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡದೊಂದು ಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ನಾಯಿಯೂ ಒಟ್ಟಿಗೆ ಮಡಿದುವು. ಅದರ ನೆನಪಿಗೆ ಕಲ್ಲು ನಿಂತಿತು, ಕಲ್ಲಿನ ಪೂಜೆಗೆಂದು ಭೂಮಿ ದತ್ತಿಯಾಯಿತು. ಇದು ಶಕ ೮೭೨ರ, ಎಂದರೆ ಕ್ರಿ.ಶ. ೯೪೯-೫೦ರ ಮಾತು. ಕವಿಚಕ್ರವರ್ತಿ ರನ್ನನು ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದುದೂ ೯೪೯ರಲ್ಲಿಯೇ ಎಂದು ಸಾಹಿತ್ಯಚರಿತ್ರೆಕಾರರು ಹೇಳುತ್ತಾರೆ. ಈ ಕಾಕತಾಳೀಯವನ್ನು ತರಗತಿಯಲ್ಲಿ ಪ್ರತಿವರ್ಷವೂ ಹೇಳುವುದು ನನಗೊಂದು ಚಪಲ.

ಏಕೆಂದರೆ ರನ್ನನ ಮುಧೋಳಕ್ಕೆ ಇಂದು ಜಗತ್ತಿನಲ್ಲಿ ಹೆಸರಿರುವುದು ರನ್ನನಿಂದಲ್ಲ, ನಾಯಿಯಿಂದ. ಈ ಮಾತು ಕನ್ನಡದ ಅಧ್ಯಾಪಕನಿಗೆ ತುಸು ನೋವಿನದಾದರೂ ದಿಟ. ಉದ್ದ ಮೋರೆ, ಸಣ್ಣ ನಡು, ಆಳವಾದ ಎದೆ, ಬಿಲ್ಲಿನಂತೆ ಬಾಗಿದ ಬೆನ್ನು. ಈ ತಳಿಯನ್ನು ಬೇಡರ ಗುಡಿಸಲುಗಳಿಂದ ಎತ್ತಿ ಅರಮನೆಯ ಆಶ್ರಯಕ್ಕೆ ತಂದವರು ಮುಧೋಳ ಸಂಸ್ಥಾನದ ಮಾಲೋಜಿರಾವ ಘೋರ್ಪಡೆಯವರು. ೧೮೫೭ರಲ್ಲಿ ಆಯುಧ ಒಪ್ಪಿಸಲೊಲ್ಲದೆ ಇಂಗ್ಲಿಷರ ಮೇಲೆ ತಿರುಗಿಬಿದ್ದ ಹಲಗಲಿಯ ಬೇಡರ ಸೀಮೆಯೇ ಇದು. ರಾಜರು ಈ ನಾಯಿಗಳ ಜೋಡಿಯೊಂದನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂದು ಪ್ರತೀತಿಯುಂಟು. ೨೦೦೫ರಲ್ಲಿ ಇದರ ಚಿತ್ರ ಅಂಚೆಚೀಟಿಯ ಮೇಲೆ ಬಂದಿತು. ೨೦೧೬ರಲ್ಲಿ ಮರಿಗಳು ಸೈನ್ಯದ ಶಿಕ್ಷಣಕ್ಕಾಗಿ ಮೀರತ್ತಿಗೆ ಹೋದುವು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವೊಂದಿದೆ. ಸುತ್ತಲಿನ ಹಳ್ಳಿಗಳಲ್ಲಿ ಈ ಮರಿಗಳನ್ನು ಸಾಕಿ ಮಾರಿ ಬಾಳುವ ಮನೆಗಳೂ ಇವೆ. ಮರಿ ಕೊಳ್ಳಲು ಬಂದವರು ಕಾಲಿನ ಉದ್ದ ನೋಡುತ್ತಾರೆ, ಬಾಲದ ಸೊಂಪು ನೋಡುತ್ತಾರೆ, ತಾಯಿತಂದೆಯ ಕುಲ ಕೇಳುತ್ತಾರೆ. ರಕ್ತವನ್ನು ನೋಡಿದಿರಾ ಎಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ.

ರಕ್ತದಲ್ಲಿ ನೋಡತಕ್ಕದ್ದೇನು ಎಂಬುದು ವಾಚಕರ ಪ್ರಶ್ನೆಯಾಗಬಹುದು. ನೋಡತಕ್ಕದ್ದು ಒಂದು ನೂಲನ್ನು.

೧೮೫೬ರಲ್ಲಿ ಅಮೆರಿಕದ ಜೋಸೆಫ್ ಲೀಡಿ ಎಂಬ ವಿದ್ವಾಂಸ ನಾಯಿಯ ಹೃದಯದಲ್ಲಿ ದೊರೆತ ಹುಳುವೊಂದನ್ನು ವರ್ಣಿಸಿ ಅದಕ್ಕೆ ‘ಇಮ್ಮಿಟಿಸ್’ ಎಂಬ ಹೆಸರನ್ನಿಟ್ಟ. ಲ್ಯಾಟಿನ್ನಿನಲ್ಲಿ ಇದಕ್ಕೆ ‘ದಯೆಯಿಲ್ಲದ್ದು’ ಎಂದರ್ಥ. ಅದರ ಕುಲದ ಹೆಸರು ಈಗ ‘ಡೈರೋಫೈಲೇರಿಯಾ’: ‘ಡೈರಸ್’ ಎಂದರೆ ಭಯಂಕರ, ‘ಫೈಲಂ’ ಎಂದರೆ ನೂಲು. ನಿರ್ದಯವಾದ ಭಯಂಕರ ನೂಲು! ಮಗ್ಗದ ಸದ್ದಿನಲ್ಲಿಯೇ ಏಳುವ, ಮಗ್ಗದ ಸದ್ದಿನಲ್ಲಿಯೇ ಮಲಗುವ ರಬಕವಿ-ಬನಹಟ್ಟಿಗಳಲ್ಲಿ ಈ ಹೆಸರಿಗೆ ಟೀಕೆ ಬೇಕಾಗಿಲ್ಲ. ಹೆಣ್ಣುಹುಳು ೨೫ರಿಂದ ೩೦ ಸೆಂಟಿಮೀಟರು ಉದ್ದ, ದಪ್ಪ ದಾರದ ಎಳೆಯಷ್ಟೇ ಗಾತ್ರ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ದೊಡ್ಡ ನಾಳದಲ್ಲಿ ಇದರ ಬೀಡು. ಸಂಖ್ಯೆ ಹೆಚ್ಚಿದಾಗ ಹೃದಯದ ಬಲಕೋಣೆಗೂ ಇಳಿಯುತ್ತದೆ. ಐದರಿಂದ ಏಳು ವರ್ಷ ಅಲ್ಲಿಯೇ ಬಾಳುತ್ತದೆ.

ಅಲ್ಲಿಗೆ ಅದನ್ನು ಕಳಿಸುವವಳು ಸೊಳ್ಳೆ. ‘ವಳು’ ಎಂದುದು ಬೇಕೆಂದೇ. ಗಂಡುಸೊಳ್ಳೆ ಹೂವಿನ ಸಿಹಿಯನ್ನೂ ಗಿಡದ ರಸವನ್ನೂ ಹೀರಿ ಬದುಕುವ ಸಾಧುಪ್ರಾಣಿ. ಹೆಣ್ಣುಹುಳು ಮೊಟ್ಟೆಯಿಡದೆ, ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರುವ ಸಜೀವ ಮರಿಗಳನ್ನು ನಾಯಿಯ ರಕ್ತಕ್ಕೆ ಬಿಡುತ್ತದೆ. ಸೊಳ್ಳೆ ರಕ್ತ ಹೀರುವಾಗ ಮರಿಗಳು ಅವಳ ಹೊಟ್ಟೆ ಸೇರುತ್ತವೆ. ಅಲ್ಲಿಂದ ಅವಳ ಮೂತ್ರನಾಳಗಳಲ್ಲಿ ಹೊಕ್ಕು ಎರಡು ಸಲ ಪೊರೆ ಕಳಚಿ, ಕೊನೆಗೆ ಸೊಂಡಿಲಿಗೆ ಬಂದು ಕಾಯುತ್ತವೆ. ಇದಕ್ಕೆ ಶಾಖ ಬೇಕು. ಹವೆ ೧೪ ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಲ್ಲುತ್ತದೆ. ೨೭ ಡಿಗ್ರಿಯಲ್ಲಿ ಎರಡು ವಾರದೊಳಗೆ ಮುಗಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಈ ಹುಳುವಿಗೆ ಶೀತದ ಭಯವೆಲ್ಲಿ? ಸೊಳ್ಳೆ ಮತ್ತೊಂದು ನಾಯಿಯನ್ನು ಕಚ್ಚಿದಾಗ ಮರಿಗಳು ಹನಿಯೊಂದರೊಡನೆ ಚರ್ಮದ ಮೇಲೆ ಬಿದ್ದು, ಕಚ್ಚಿದ ರಂಧ್ರದಿಂದಲೇ ಒಳನುಸುಳುತ್ತವೆ. ಚರ್ಮದಡಿ, ಮಾಂಸಖಂಡಗಳ ನಡುವೆ ಹಾದು ಹೃದಯ ಮುಟ್ಟಲು ಸುಮಾರು ಎರಡೂವರೆ ತಿಂಗಳು. ತಾವೂ ಮರಿಹಾಕಲು ಆರೇಳು ತಿಂಗಳು. ಅಷ್ಟರವರೆಗೆ ಹೊರಗೆ ಏನೂ ಕಾಣದು.

ಕಾಣತೊಡಗಿದಾಗಲೂ ಅದು ರೋಗವೆಂದು ತೋರುವುದಿಲ್ಲ. ಸಣ್ಣ ಕೆಮ್ಮು, ಬೇಗ ಬರುವ ಆಯಾಸ, ಓಡಲು ಮನಸ್ಸಿಲ್ಲದಿರುವುದು. ಬಾಗಿಲಲ್ಲಿ ಮಲಗಿಯೇ ಕಾಲ ಕಳೆಯುವ ನಾಯಿ ಇಂಥ ಹುಳುಗಳನ್ನು ಹೊತ್ತುಕೊಂಡೂ ಬಹುಕಾಲ ಸುಖವಾಗಿರಬಹುದು. ಓಡುವ ನಾಯಿಗೆ ಆ ರಿಯಾಯಿತಿಯಿಲ್ಲ. ಓಟದಲ್ಲಿ ರಕ್ತ ರಭಸದಿಂದ ಶ್ವಾಸಕೋಶಕ್ಕೆ ನುಗ್ಗಬೇಕು. ಒರಟಾಗಿ ಇಕ್ಕಟ್ಟಾದ ನಾಳ ಅದನ್ನು ತಡೆಯುತ್ತದೆ. ಓಟಕ್ಕಾಗಿಯೇ ಬೆಳೆಸಿದ ತಳಿಯಿಂದ ಈ ರೋಗ ಮೊದಲು ಕಸಿದುಕೊಳ್ಳುವುದು ಓಟವನ್ನೇ.

ಮನುಷ್ಯನ ಆನೆಕಾಲು ರೋಗದ ಹುಳುವೂ ಇದೇ ವಂಶದ್ದು. ಕರ್ನಾಟಕದಲ್ಲಿ ಆನೆಕಾಲು ನೆಲಸಿದ ಜಿಲ್ಲೆಗಳೆಂದು ಆರೋಗ್ಯ ಇಲಾಖೆ ಗುರುತಿಸಿದವುಗಳಲ್ಲಿ ನಮ್ಮ ಬಾಗಲಕೋಟೆಯೂ ಒಂದು. ಚೀನದ ಅಮಾಯ್ ಬಂದರಿನಲ್ಲಿ ವೈದ್ಯನಾಗಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ೧೮೭೭ರಲ್ಲಿ ಆನೆಕಾಲಿನ ಹುಳು ಸೊಳ್ಳೆಯ ಮೈಯಲ್ಲಿ ಬೆಳೆಯುವುದನ್ನು ಕಂಡುಹಿಡಿದ. ಅಲ್ಲಿನ ನಾಯಿಗಳ ಹೃದಯಗಳನ್ನು ಸೀಳಿ ಆ ಹುಳುಗಳನ್ನೂ ಅವನು ಅಭ್ಯಸಿಸಿದ್ದ. ಆದರೆ ಸೊಳ್ಳೆ ನೀರಿನಲ್ಲಿ ಬಿದ್ದು ಸತ್ತು, ಆ ನೀರು ಕುಡಿದವರಿಗೆ ರೋಗ ತಗಲುತ್ತದೆಂದು ಅವನು ಊಹಿಸಿದ. ಕಚ್ಚುವುದರಿಂದಲೇ ಹುಳು ದಾಟುತ್ತದೆಂಬುದು ತಿಳಿದುಬಂದುದು ೧೯೦೦ರಲ್ಲಿ. ಇಟಲಿಯ ಗ್ರಾಸ್ಸಿ ಮತ್ತು ನೋಯೆ ಎಂಬವರು ನಾಯಿಯ ಹುಳುವಿನ ಮೇಲೆಯೇ ಅದನ್ನು ಸಾಧಿಸಿದರು. ಮನುಷ್ಯನ ರೋಗ ತಿಳಿಯಲು ನಾಯಿ ಎಷ್ಟು ಸಲ ತನ್ನ ಎದೆಯನ್ನು ತೆರೆದು ತೋರಿಸಿದೆಯೋ!

ಇಷ್ಟೆಲ್ಲ ನಾನು ಓದತೊಡಗಿದುದಕ್ಕೆ ಕಾರಣ ನಮ್ಮ ಓಣಿಯ ಹಿರಿಯ ನೇಕಾರರೊಬ್ಬರ ನಾಯಿ. ನಾಲ್ಕು ವರ್ಷದ, ಜೇನುಬಣ್ಣದ ಮುಧೋಳ ತಳಿ. ಅವರ ತುಂಡು ಕಬ್ಬಿನ ಹೊಲಕ್ಕೆ ಕಾವಲು. ಹೋದ ಮಳೆಗಾಲ ಕಳೆಯುತ್ತಲೂ ಅದು ಮಂಕಾಯಿತು.

“ಸರ, ಇದು ಓಡಾಕ ಒಲ್ಲೆ ಅಂತೈತಿ. ನಾಕ ಹೆಜ್ಜಿ ಹಾಕಿದ್ರ ಕೂತಬಿಡತೈತಿ. ಮೈಗಳ್ಳ ಆಗೇತಿ,” ಎಂದರು ಅವರು.

“ಮೈಗಳ್ಳ ಅಲ್ಲರಿ, ದೃಷ್ಟಿ ಆಗೇತಿ,” ಎಂದು ಒಳಗಿನಿಂದ ಕಾಕು ದನಿಗೂಡಿಸಿದರು. ನಾಯಿಯ ಕೊರಳಲ್ಲಿ ಆಗಲೇ ಕರಿದಾರ ಬಿದ್ದಿತ್ತು.

“ಕಾಕಾ, ಒಮ್ಮೆ ದವಾಖಾನಿಗೆ ತೋರಸೂಣು ನಡೀರಿ,” ಎಂದು ನಾನೇ ಹೊರಡಿಸಿದೆ.

ಪಶುವೈದ್ಯರು ತರುಣರು, ಸಮಾಧಾನಿಗಳು. ಕಿವಿಯ ಅಂಚಿನಿಂದ ಹನಿ ರಕ್ತ ತೆಗೆದು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕವನ್ನು ನನ್ನ ಕಡೆಗೆ ತಿರುಗಿಸಿ, “ನೋಡ್ರಿ ಸರ,” ಎಂದರು. ನಸುಹಳದಿಯ ರಕ್ತಕಣಗಳ ಸಂತೆ; ಅದರ ನಡುವೆ ಕಣಗಳನ್ನು ಅತ್ತಿತ್ತ ನೂಕುತ್ತ ಮಿಡುಕುವ ಒಂದು ಎಳೆ, ಅದರಾಚೆ ಮತ್ತೊಂದು. ಕಾಕಾ ಬಹಳ ಹೊತ್ತು ಕಣ್ಣಿಟ್ಟು ನೋಡಿದರು. “ಹರದ ಎಳಿ ಇದ್ದಂಗ ಐತಲ್ರಿ ಸಾಹೇಬ್ರ. ಇದು ಎದ್ಯಾಗಿಂದೇನು?”

ವೈದ್ಯರ ಉತ್ತರವೇ ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದುದು. ಹೌದೆಂದು ಹೇಳಲಾಗದು ಎಂದರು ಅವರು. ಭಾರತದಲ್ಲಿ ಹೃದಯದ ಹುಳು ಹೆಚ್ಚಾಗಿ ಕಂಡುಬಂದಿರುವುದು ಅಸ್ಸಾಮ, ಮಿಜೋರಾಮಗಳಂಥ ಈಶಾನ್ಯದ ಸೀಮೆಯಲ್ಲಿ. ದಕ್ಷಿಣದ ನಾಯಿಗಳಲ್ಲಿ ಹೆಚ್ಚಾಗಿರುವುದು ಅದರ ದಾಯಾದಿ, ‘ರೆಪೆನ್ಸ್’ ಎಂದರೆ ತೆವಳುವಂಥದ್ದು. ಅದನ್ನು ಹರಡುವುದೂ ಸೊಳ್ಳೆಯೇ. ಆದರೆ ವಾಸ ಚರ್ಮದ ಕೆಳಗೆ, ನಾಯಿಗೆ ಅದರಿಂದ ಅಷ್ಟೇನೂ ಕೇಡಿಲ್ಲ. ಇನ್ನೊಂದು ಬಗೆಯದನ್ನು ಚಿಗಟಗಳು ಹರಡುತ್ತವೆ. ಅದು ಮತ್ತೂ ನಿರುಪದ್ರವಿ. ಮೂರರ ಮರಿಗಳೂ ಮೇಲುನೋಟಕ್ಕೆ ಒಂದೇ ತರಹ. ಹೃದಯದಲ್ಲಿ ಹೆಣ್ಣುಹುಳುವಿದ್ದರೆ ರಕ್ತದಲ್ಲಿ ಅದರ ಗುರುತು ಸಿಕ್ಕುತ್ತದೆ. ಅದನ್ನು ತೋರಿಸುವ ಬೇರೊಂದು ಪರೀಕ್ಷೆಯುಂಟು. ಅದನ್ನು ಮಾಡಿದರು, ಗುರುತು ಸಿಕ್ಕಲಿಲ್ಲ. ಹಾಗಾದರೆ ಮಂಕಿಗೆ ಕಾರಣ? ಕಾಲ್ಬೆರಳ ಸಂದಿಯಲ್ಲಿದ್ದ ಉಣ್ಣೆಗಳು. ಬಿಳಿಚಿದ ಒಸಡು ಮತ್ತು ರಕ್ತದ ಲೇಪ ಉಣ್ಣೆಜ್ವರವನ್ನು ಹೇಳುತ್ತಿದ್ದುವು. ಹುಳು ಕಣ್ಣಿಗೆ ಬಿದ್ದಿತೆಂದು ಅಲ್ಲಿಗೇ ನಿಂತಿದ್ದರೆ ನಾಯಿ ಉಳಿಯುತ್ತಿರಲಿಲ್ಲವೇನೋ.

ವೈದ್ಯರು ನಾಲ್ಕು ವಾರಕ್ಕೆ ಕೊಟ್ಟ ಡಾಕ್ಸಿಸೈಕ್ಲಿನ್ ಗುಳಿಗೆಯಲ್ಲಿ ಒಂದು ಸೊಗಸಿದೆ. ಈ ನೂಲುಹುಳುಗಳ ಮೈಯೊಳಗೆ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯ ಮನೆಮಾಡಿಕೊಂಡಿರುತ್ತದೆ. ಅದಿಲ್ಲದೆ ಹುಳುವಿಗೆ ಸಂತಾನವಿಲ್ಲ. ಉಣ್ಣೆಜ್ವರದ ಗುಳಿಗೆ ಆ ಬ್ಯಾಕ್ಟೀರಿಯವನ್ನೂ ಕೊಲ್ಲುತ್ತದೆ. ಒಂದೇ ಔಷಧದಿಂದ ಜ್ವರ ಇಳಿಯಿತು, ಹುಳು ಬಂಜೆಯಾಯಿತು. ದೀಪಾವಳಿಯ ಹೊತ್ತಿಗೆ ನಾಯಿ ಕಬ್ಬಿನ ಬದುವಿನ ಮೇಲೆ ಹಂದಿಗಳ ಬೆನ್ನಟ್ಟುತ್ತಿತ್ತು. ಕರಿದಾರ ಕೊರಳಲ್ಲಿಯೇ ಇತ್ತು. ಕಾಕು ತಮ್ಮ ಪಾಲಿನ ಯಶಸ್ಸನ್ನು ಬಿಟ್ಟುಕೊಡಲಿಲ್ಲ.

ಚರ್ಮದ ಹುಳು ನಾಯಿಗೆ ಸೌಮ್ಯವೆಂದು ನಾವು ಸುಮ್ಮನಿರುವಂತಿಲ್ಲ. ನಾಯಿಯನ್ನು ಕಚ್ಚಿದ ಸೊಳ್ಳೆ ಮನುಷ್ಯನನ್ನು ಕಚ್ಚಿದಾಗ ಅದು ದಾರಿತಪ್ಪಿ ನಮ್ಮ ಮೈ ಸೇರುವುದುಂಟು. ಚರ್ಮದಡಿ ಗಂಟಾಗಿ, ಕೆಲವೊಮ್ಮೆ ಕಣ್ಣಿನ ಬಿಳಿಪೊರೆಯ ಕೆಳಗೆ ಹರಿದಾಡುವ ಎಳೆಯಾಗಿ ಕಾಣಿಸಿಕೊಳ್ಳುತ್ತದೆ. ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ನೇತ್ರವೈದ್ಯರು ಇಂಥ ಹುಳುಗಳನ್ನು ಕಣ್ಣಿನಿಂದ ಹೊರತೆಗೆದು ವರದಿ ಮಾಡಿದ್ದಾರೆ.

ಹೃದಯದ ಹುಳುವಿಗೆ ತಡೆಮದ್ದು ಇದೆ. ಜಪಾನಿನ ಸತೋಶಿ ಓಮುರ ಎಂಬವರು ಗಾಲ್ಫ್ ಮೈದಾನವೊಂದರ ಹತ್ತಿರದ ಮಣ್ಣಿನಲ್ಲಿ ಕಂಡ ಸೂಕ್ಷ್ಮಜೀವಿಯಿಂದ, ವಿಲಿಯಂ ಕ್ಯಾಂಬೆಲ್ ಅವರ ಶ್ರಮದಿಂದ ಹುಟ್ಟಿದ ಐವರ್ಮೆಕ್ಟಿನ್. ಇಬ್ಬರಿಗೂ ೨೦೧೫ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ತಿಂಗಳಿಗೊಮ್ಮೆ ಅತಿ ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಆಗತಾನೆ ಒಳಹೊಕ್ಕ ಮರಿಗಳನ್ನು ಅದು ಹೃದಯ ಮುಟ್ಟಗೊಡದು. ಆದರೆ ದನಕ್ಕೆಂದು ತಂದ ಸೂಜಿಮದ್ದನ್ನೇ ಅಂದಾಜಿನ ಮೇಲೆ ನಾಯಿಗೆ ಚುಚ್ಚುವ ಧೈರ್ಯವಂತರಿದ್ದಾರೆ. ಪ್ರಮಾಣ ಮೀರಿದರೆ ಅದೇ ಮದ್ದು ಮಿದುಳಿಗೆ ವಿಷ. ರಕ್ತದಲ್ಲಿ ಮರಿಗಳು ತುಂಬಿರುವ ನಾಯಿಗೆ ಪರೀಕ್ಷೆಯಿಲ್ಲದೆ ಮದ್ದು ಹಾಕಿದರೆ, ಅವೆಲ್ಲ ಒಮ್ಮೆಗೇ ಸತ್ತು ನಾಯಿ ಆಘಾತಕ್ಕೊಳಗಾಗಬಹುದು. ರಕ್ತದ ಹನಿ ಮೊದಲು, ಗುಳಿಗೆ ಆಮೇಲೆ.

ಇನ್ನು ಸೊಳ್ಳೆಯ ತವರು. ಹಿಪ್ಪರಗಿಯ ಒಡ್ಡಿನಲ್ಲಿ ಕೃಷ್ಣೆ ನಿಲ್ಲುತ್ತಾಳೆ, ಘಟಪ್ರಭೆಯ ಕಾಲುವೆ ಕಬ್ಬಿಗೆ ಹರಿಯುತ್ತದೆ. ಅದನ್ನು ಯಾರೂ ಬೇಡವೆನ್ನಲಾರರು. ಗುಂಗಾಡು ಹುಟ್ಟುವುದಕ್ಕೆ ಅಷ್ಟು ನೀರೂ ಬೇಕಾಗಿಲ್ಲ. ಗಟಾರ, ಹಿತ್ತಲಿನ ಒಡಕು ಗಡಿಗೆ, ನೂಲು ನೆನೆಹಾಕುವ ತೊಟ್ಟಿ, ನಾಯಿಗೆ ನೀರಿಡುವ ಕಲ್ಲಬಾನಿ, ಇಷ್ಟು ಸಾಕು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತ ನೇಕಾರನಿಗೆ ಕುಣಿಯ ಕತ್ತಲಲ್ಲಿ ಕಚ್ಚುವುದೂ, ಪಕ್ಕದಲ್ಲಿ ಮಲಗಿದ ನಾಯಿಯ ಕಿವಿಗೆ ಕಚ್ಚುವುದೂ ಒಂದೇ ಸೊಳ್ಳೆ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಅದಕ್ಕೆ ಎಂಟು ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ ಬಾನಿಯನ್ನು ತಿಕ್ಕಿದರೆ ಆ ಪೀಳಿಗೆ ಹಾರುವುದಿಲ್ಲ. ವೈದ್ಯರು ಹೇಳಿದ್ದನ್ನು ನಾನು ಕಾಕುಗೆ ಒಪ್ಪಿಸಿದೆ.

“ಶುಕ್ರವಾರಕ್ಕೊಮ್ಮೆ ಚೆಲ್ಲತೀನ್ರಿ ಸರ,” ಎಂದರು ಅವರು. “ಅವತ್ತ ಹೆಂಗೂ ಲಕ್ಷ್ಮೀ ಪೂಜಾಕ ಮನಿಯೆಲ್ಲಾ ತೊಳೀಬೇಕು. ನಾಯಿ ಬಾನಿ ಮರಿಯಾಕ ಆಗೂದಿಲ್ಲ.”